ಗೌಡರ ಚಾವಡಿಯಿಂದ ಗ್ರಾಮಸಭೆಯವರೆಗೆ: ಅಕ್ಕಲಕೋಟೆ ಸೀಮೆಯ ಊರ ಕಾರಭಾರ

ಊರ ಗುಡಿಗೆ ಚರಿತ್ರೆ ಉಂಟು, ಜಾತ್ರೆಗೆ ಚರಿತ್ರೆ ಉಂಟು. ಊರ ಪಂಚಾಯತಿಗೂ ಒಂದು ಚರಿತ್ರೆ ಉಂಟೆಂಬುದು ನಮಗೆ ನೆನಪಾಗುವುದು ಚುನಾವಣೆ ಬಂದಾಗ, ಇಲ್ಲವೇ ನಳದಲ್ಲಿ ನೀರು ನಿಂತಾಗ. ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರ ತಾಲೂಕುಗಳ ಹಳ್ಳಿಗಳಲ್ಲಿ ಈ ಚರಿತ್ರೆ ಇನ್ನೂ ಹೆಚ್ಚು ಮರೆಗೆ ಸರಿದಿದೆ. ಇಲ್ಲಿ ಊರಿನ ಮಾತುಕತೆ ಬಹುಪಾಲು ಕನ್ನಡದಲ್ಲಿ ನಡೆಯಿತು, ಬರವಣಿಗೆ ಮಾತ್ರ ಆಯಾ ಕಾಲದ ಸರಕಾರದ ಭಾಷೆಯಲ್ಲಿ ಉಳಿಯಿತು. ಆಡಿದವರಿಗೆ ಬರೆದದ್ದು ಓದಲು ಬರಲಿಲ್ಲ, ಬರೆದವರು ಆಡಿದ್ದೆಲ್ಲವನ್ನೂ ಬರೆಯಲಿಲ್ಲ.

ಈ ಸೀಮೆಯ ಊರಾಳ್ವಿಕೆಯ ಇತಿಹಾಸವನ್ನು ಅರಸರ ಹೆಸರುಗಳಿಂದ ಅಳೆಯುವುದಕ್ಕಿಂತ ಒಂದೇ ಪ್ರಶ್ನೆಯಿಂದ ಅಳೆಯುವುದು ಮೇಲು: ಊರಿನ ದಫ್ತರ, ಎಂದರೆ ಲೆಕ್ಕ ದಾಖಲೆ, ಯಾರ ಕೈಯಲ್ಲಿತ್ತು?

ಶಾಸನ ಕಾಲದ ಊರು

ಸೀನೆ ಹೊಳೆ ಭೀಮೆಯನ್ನು ಕೂಡುವ ಹತ್ತರಸಂಗ ಕೂಡಲ ದಕ್ಷಿಣ ಸೊಲ್ಲಾಪುರ ತಾಲೂಕಿನಲ್ಲಿದೆ. ಅಲ್ಲಿ ದೊರೆತ 1018ರ ಬರಹವನ್ನು ಮರಾಠಿಯ ಅತಿ ಹಳೆಯ ಶಾಸನವೆಂದು ಹಲವು ವಿದ್ವಾಂಸರು ಗುರುತಿಸುತ್ತಾರೆ. ಅದೇ ಸೀಮೆಯ ಸುತ್ತಮುತ್ತ ಕಲ್ಯಾಣದ ಚಾಲುಕ್ಯರ ಕಾಲದ ಕನ್ನಡ ಶಾಸನಗಳು ಊರೂರಿಗೆ ಸಿಗುತ್ತವೆ. ಸೊಲ್ಲಾಪುರದ ಸಂಶೋಧಕ ಆನಂದ ಕುಂಭಾರರು ಹಳ್ಳಿ ಹಳ್ಳಿ ತಿರುಗಿ ಇಂಥ ಕಲ್ಲುಗಳನ್ನು ಹುಡುಕಿದರು. ಶ್ರೀನಿವಾಸ ರಿತ್ತಿ ಅವರೊಂದಿಗೆ ಸಂಪಾದಿಸಿದ ಅವರ ಶಾಸನ ಸಂಪುಟವನ್ನು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ 1988ರಲ್ಲಿ ಪ್ರಕಟಿಸಿತು.

ಆ ಕಾಲದ ಕನ್ನಡ ದಾನಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಭೂಮಿ ಕೊಟ್ಟವನು ಅರಸನೋ ದಂಡನಾಯಕನೋ ಇರಬಹುದು. ಅದು ಊರ ಗಾವುಂಡ, ಮಹಾಜನರು, ಸೆಟ್ಟಿಗಳು, ಒಕ್ಕಲುಗಳು ಇವರ ಮುಂದೆ ಕೊಟ್ಟದ್ದಾಗಿರುತ್ತದೆ, ಅದನ್ನು ಕಾಯುವ ಹೊಣೆಯೂ ಅವರದೇ. ಹೊಲದ ಎಲ್ಲೆ, ಗಾಣದ ಎಣ್ಣೆ, ಸಂತೆಯ ಸುಂಕ ಎಲ್ಲಕ್ಕೂ ಊರೇ ಸಾಕ್ಷಿ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮ ಕೆರೆ ಕಟ್ಟಿಸಿದ್ದೂ ಇದೇ ಪರಂಪರೆಯ ಕೆಲಸ. ಅರಮನೆಯ ಅಪ್ಪಣೆಗೆ ಕಾಯದೆ ಜನರ ಕೈಯಿಂದಲೇ ನೀರಿನ ಕೆಲಸ ಮಾಡಿಸಿದ ಆ ಕರ್ಮಯೋಗಿಯನ್ನು ಸೊಲ್ಲಾಪುರ ಇಂದಿಗೂ ಗ್ರಾಮದೇವತೆಯಾಗಿ ಪೂಜಿಸುತ್ತದೆ. ಆಗ ದಫ್ತರವೆಂದರೆ ಕಲ್ಲು. ಅದನ್ನು ಗುಡಿಯ ಮುಂದೆ ಎಲ್ಲರ ಕಣ್ಣಿಗೆ ಬೀಳುವಂತೆ ನಿಲ್ಲಿಸುತ್ತಿದ್ದರು.

ವತನದ ಕಾಲ

ಮುಂದೆ ಬಹಮನಿ, ಆದಿಲಶಾಹಿ, ಮೊಗಲ, ಮರಾಠ ಆಳ್ವಿಕೆಗಳು ಬಂದವು. ಮೇಲಿನವರು ಬದಲಾದಷ್ಟು ಬೇಗ ಊರೊಳಗಿನ ಏರ್ಪಾಡು ಬದಲಾಗಲಿಲ್ಲ. ಗೌಡ, ಮರಾಠಿ ಕಾಗದದಲ್ಲಿ ಪಾಟೀಲ, ಊರಿನ ಮುಖ್ಯಸ್ಥ: ಸಾರಾ ಎಂಬ ಭೂಕಂದಾಯದ ವಸೂಲಿ, ಜಗಳ ತೀರ್ಮಾನ, ಕಳ್ಳಕಾಕರ ಕಾವಲು ಅವನ ಪಾಲಿಗೆ. ಲೆಕ್ಕಪತ್ರ ಬರೆಯುವವನು ಕುಲಕರ್ಣಿ. ಗೌಡನಿಗೆ ನೆರವಾಗಿ ಚೌಗುಲೆ, ಎಲ್ಲೆ ಕಾಯಲು ತಳವಾರ, ವಾಲೀಕಾರ. ಬಡಿಗೇರ, ಕಂಬಾರ, ಕುಂಬಾರ, ಹಡಪದ, ಅಗಸ, ಮಾದಿಗ, ಹೊಲೆಯ ಇವರೆಲ್ಲ ಆಯಗಾರರು. ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ಜೋಳ ಒಯ್ಯುವುದು ಅವರ ವರ್ಷದ ಸಂಬಳ.

ಈ ಏರ್ಪಾಡನ್ನು ಸುವರ್ಣಯುಗವೆಂದು ಹೊಗಳುವುದು ಸುಲಭ. ಆದರೆ ಪ್ರತಿಯೊಂದು ಹುದ್ದೆಯೂ ವಂಶದ ಆಸ್ತಿ. ಗೌಡಕಿಯನ್ನು ಅಣ್ಣತಮ್ಮಂದಿರು ಹಂಚಿಕೊಳ್ಳುತ್ತಿದ್ದರು, ಮಾರುತ್ತಿದ್ದರು, ಅದಕ್ಕಾಗಿ ತಲೆಮಾರುಗಟ್ಟಲೆ ಬಡಿದಾಡುತ್ತಿದ್ದರು. ಕುಲಕರ್ಣಿಯ ದಫ್ತರ ಅವನ ಮನೆಯ ಪೆಟ್ಟಿಗೆಯಲ್ಲಿ ಇರುತ್ತಿತ್ತು, ಮರಾಠಿಯ ಮೋಡಿ ಲಿಪಿಯಲ್ಲಿ ಇರುತ್ತಿತ್ತು. ಕನ್ನಡದ ಒಕ್ಕಲಿಗನಿಗೆ ತನ್ನ ಹೊಲದ ಲೆಕ್ಕ ತಿಳಿಯಬೇಕಾದರೆ ಕುಲಕರ್ಣಿ ಓದಿ ಹೇಳಿದ್ದೇ ಸತ್ಯ. ಊರ ಹೊರಗಿನ ಕೇರಿಯವರಿಗಂತೂ ದುಡಿಮೆ ಕಡ್ಡಾಯ, ಚಾವಡಿಯ ಕಟ್ಟೆಯ ಮೇಲೆ ಜಾಗ ಇಲ್ಲ. ಬ್ರಿಟಿಷರು 1874ರ ವತನ ಕಾಯದೆಯಲ್ಲಿ ಇದನ್ನೆಲ್ಲ ಕಾನೂನಿನ ಚೌಕಟ್ಟಿಗೆ ತಂದರೇ ಹೊರತು ಬಿಡಿಸಲಿಲ್ಲ. ಮಹಾರ ವತನವೆಂಬ ಬಿಟ್ಟಿ ಚಾಕರಿಯಿಂದ ಜನರನ್ನು ಬಿಡುಗಡೆ ಮಾಡಲು ಡಾ. ಅಂಬೇಡ್ಕರ್ 1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಮಸೂದೆ ತಂದದ್ದು ಇದೇ ಕಾಯದೆಯ ತಿದ್ದುಪಡಿಗಾಗಿ.

ಮೂರು ಸರಕಾರಗಳ ನೆರೆ

ಅಕ್ಕಲಕೋಟೆ ಸಂಸ್ಥಾನ ಹುಟ್ಟಿದ ಬಗೆ ವಿಶಿಷ್ಟ. ಮೊಗಲರ ಸೆರೆಯಿಂದ ಬಿಡುಗಡೆಯಾಗಿ ಮರಳುತ್ತಿದ್ದ ಛತ್ರಪತಿ ಶಾಹೂ ಪಾರದ ಎಂಬ ಊರಿನ ಕಾಳಗದ ನಂತರ ಅಲ್ಲಿನ ಲೋಖಂಡೆ ಮನೆತನದ ಬಾಲಕ ರಾಣೋಜಿಯನ್ನು ತನ್ನವನೆಂದು ಸ್ವೀಕರಿಸಿ ಫತೇಸಿಂಹ ಭೋಸಲೆ ಎಂದು ಹೆಸರಿಟ್ಟ. ಅವನಿಗೆ ಅಕ್ಕಲಕೋಟೆಯ ಸೀಮೆ ಜಹಗೀರಾಗಿ ಬಂತು. 1848ರಲ್ಲಿ ಸಾತಾರಾ ರಾಜ್ಯವನ್ನು ಬ್ರಿಟಿಷರು ನುಂಗಿದ ಮೇಲೆ ಅಕ್ಕಲಕೋಟೆ ನೇರವಾಗಿ ಬ್ರಿಟಿಷರ ಮಾಂಡಲಿಕವಾಯಿತು. ಸುಮಾರು 498 ಚದರ ಮೈಲಿಯ ಈ ಪುಟ್ಟ ಸಂಸ್ಥಾನದ ಜನಸಂಖ್ಯೆ 1901ರಲ್ಲಿ 82,047. ಸ್ವಾಮಿ ಸಮರ್ಥರು ಇಲ್ಲಿ ನೆಲೆಸಿ 1878ರಲ್ಲಿ ದೇಹ ಬಿಟ್ಟದ್ದರಿಂದ ಊರಿನ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಆದರೆ ಸಂಸ್ಥಾನದ ಹಳ್ಳಿಗಳ ಕಥೆಯನ್ನು ಹೇಳುವವರು ಕಡಿಮೆ.

ಒಕ್ಕಲಿಗನ ಕಣ್ಣಿನಿಂದ ನೋಡಿದರೆ ಈ ನಾಡು ಮೂರು ಸರಕಾರಗಳ ನೆರೆಮನೆ. ಪಶ್ಚಿಮಕ್ಕೆ ಸೊಲ್ಲಾಪುರ ತಾಲೂಕಿನ ಹಳ್ಳಿ ಬ್ರಿಟಿಷರದು. ಅಕ್ಕಲಕೋಟೆಯದು ಸಂಸ್ಥಾನದ್ದು. ಪೂರ್ವಕ್ಕೆ ಆಳಂದ, ಅಫಜಲಪುರ ಸೀಮೆ ನಿಜಾಮನದು. ಬೀಗರು ಮೂರೂ ಕಡೆ, ಸಂತೆ ಮೂರೂ ಕಡೆ, ಭಾಷೆ ಒಂದೇ. ಆದರೆ ಸಾರಾ ಕಟ್ಟುವ ಬಗೆ, ನಾಣ್ಯ, ನ್ಯಾಯಾಲಯ ಬೇರೆ ಬೇರೆ. ಸೊಲ್ಲಾಪುರದಿಂದ ರಾಯಚೂರಿನ ಕಡೆಗೆ 1871ರ ಹೊತ್ತಿಗೆ ರೈಲು ಹಾದಿ ಬಂದಾಗ ಅಕ್ಕಲಕೋಟೆ ರೋಡ್, ನಾಗಣಸೂರ, ಬೋರೋಟಿ, ದುಧನಿಯ ನೆಲದ ಮೇಲೆ ಹಾದ ಅದೇ ಬಂಡಿ ಸ್ವಲ್ಪ ಹೊತ್ತಿನಲ್ಲೇ ನಿಜಾಮನ ರಾಜ್ಯ ಹೊಗುತ್ತಿತ್ತು.

ಸೊಲ್ಲಾಪುರ ಪಟ್ಟಣಕ್ಕೆ 1852ರಲ್ಲೇ ನಗರಸಭೆ ಬಂದಿತ್ತು. ಗಾಂಧೀಜಿ ದಂಡಿಯಲ್ಲಿ ಉಪ್ಪು ಎತ್ತಿದ 1930ರ ಏಪ್ರಿಲ್ 6ರಂದೇ ಆ ನಗರಸಭೆಯ ಕಟ್ಟಡದ ಮೇಲೆ ಪುಣೆಯ ಹಿರಿಯ ಹೋರಾಟಗಾರ ಅಣ್ಣಾಸಾಹೇಬ ಭೋಪಟಕರ ರಾಷ್ಟ್ರಧ್ವಜ ಏರಿಸಿದರು. ಮುಂದಿನ ತಿಂಗಳು ಪೊಲೀಸರು ಊರು ಬಿಟ್ಟುಹೋದ ಮೇ 9ರಿಂದ 11ರವರೆಗಿನ ದಿನಗಳಲ್ಲಿ ರಾಮಕೃಷ್ಣ ಜಾಜು ಮತ್ತು ಸಂಗಡಿಗರು ಪಟ್ಟಣದ ಶಾಂತಿ ಕಾಯ್ದರು. ನಂತರ ಬಂದದ್ದು ಮಾರ್ಷಲ್ ಲಾ. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂದೆ, ಶ್ರೀಕಿಶನ್ ಸಾರಡಾ 1931ರ ಜನವರಿ 12ರಂದು ಗಲ್ಲಿಗೇರಿದರು. ಸ್ಥಳೀಯ ಆಡಳಿತದ ಕಟ್ಟಡವೊಂದು ಸ್ವರಾಜ್ಯದ ಗುರುತಾಗಬಲ್ಲದು ಎಂಬುದನ್ನು ಈ ಸೀಮೆ ಪಟ್ಟಣದಿಂದ ಕಲಿಯಿತು.

ಹಳ್ಳಿಗಳಿಗೆ ಬಂದ ಕಾನೂನು ತೀರ ಸಣ್ಣದು. ಮುಂಬಯಿ ಪ್ರಾಂತದ 1920ರ ಮತ್ತು 1933ರ ಗ್ರಾಮ ಪಂಚಾಯತಿ ಕಾಯದೆಗಳು ಬ್ರಿಟಿಷ್ ನೆಲದ ಹಳ್ಳಿಗಳಿಗೆ ಮಾತ್ರ. ಅಲ್ಲಿಯೂ ಪಂಚಾಯತಿಗೆ ಕೊಟ್ಟದ್ದು ಗಟಾರ, ಬಾವಿ, ದೀಪದ ಹೊಣೆ. ದುಡ್ಡು ಕೊಡಲಿಲ್ಲ. ಹೊಣೆ ಮೊದಲು, ಹಣ ಆಮೇಲೆ ಎಂಬ ರೂಢಿ ಅಲ್ಲಿಂದಲೇ ಶುರು.

ಜರ್ಮನಿಯ ಮೇಯರು, ಗದಗ ಸೀಮೆಯ ಗೌಡ

ಪಂಚಾಯತಿ ಬಲವಾಗುವ ಮೊದಲೇ ಹಳ್ಳಿಗೆ ಇನ್ನೊಂದು ಸಂಸ್ಥೆ ಬಂತು: ಸೊಸಾಯಿಟಿ. ಅದರ ಬೇರು ಜರ್ಮನಿಯ ಒಕ್ಕಲು ಹಳ್ಳಿಗಳಲ್ಲಿದೆ. ಫ್ರೀಡ್ರಿಶ್ ವಿಲ್ಹೆಲ್ಮ್ ರೈಫೈಸನ್ 1845ರಲ್ಲಿ ವೈಯರ್‌ಬುಶ್ ಎಂಬ ಬಡ ಸೀಮೆಯ ಮೇಯರನಾದ. 1846-47ರ ಬರಗಾಲದ ಚಳಿಯಲ್ಲಿ ಜನರಿಂದ ಹಣ ಕೂಡಿಸಿ, ಊರ ಒಲೆ ಕಟ್ಟಿಸಿ, ಬಡವರಿಗೆ ಸಾಲದ ಮೇಲೆ ರೊಟ್ಟಿ ಸಿಗುವಂತೆ ಮಾಡಿದ. ಮುಂದೆ ಹೆಡೆಸ್‌ಡೋರ್ಫ್‌ನಲ್ಲಿ 1864ರ ಹೊತ್ತಿಗೆ ಒಕ್ಕಲಿಗರು ಪರಸ್ಪರ ಜಾಮೀನಿನ ಮೇಲೆ ಸಾಲ ಪಡೆಯುವ ಸಂಘವನ್ನು ರೂಪಿಸಿದ. ಮದರಾಸಿನ ಅಧಿಕಾರಿ ಫ್ರೆಡರಿಕ್ ನಿಕೋಲ್ಸನ್ ಈ ಮಾದರಿಯನ್ನು ಭಾರತಕ್ಕೆ ಶಿಫಾರಸು ಮಾಡಿದ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯದೆ ಬಂತು. ಮರುವರ್ಷವೇ ಗದಗದ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಗಮನಿಸಬೇಕಾದ್ದು ಇದು: ಅಲ್ಲಿ ಮುಂದಾದವನು ಮೇಯರು, ಇಲ್ಲಿ ಮುಂದಾದವನು ಗೌಡ. ಊರಿನ ಮುಖ್ಯಸ್ಥನೇ ತನ್ನ ಅಧಿಕಾರವನ್ನು ಸದಸ್ಯರ ಕೈಗೆ ಹಂಚಿದ.

ಮಳೆ ಕೈಕೊಡುವ ಈ ಸೀಮೆಗೆ ಸಾಲದ ಸಂಘ ಬಹಳ ಬೇಕಾಗಿತ್ತು. ಕಪ್ಪು ನೆಲ, ಹಿಂಗಾರಿಯ ಬಿಳಿಜೋಳ, ಮುಂಗಾರಿಯ ತೊಗರಿ ಇಲ್ಲಿಯ ಬದುಕು. ಇದೇ ಜಿಲ್ಲೆಯ ಮೋಹೋಳದ ಸಂಶೋಧನಾ ಕೇಂದ್ರ 1930ರ ದಶಕದಲ್ಲಿ ಮಾಲದಂಡಿ ಜೋಳದಿಂದ ಆರಿಸಿ ಕೊಟ್ಟ ಎಂ 35-1 ತಳಿ ಇವತ್ತಿಗೂ ಗಡಿಯ ಎರಡೂ ಕಡೆ ಬಿತ್ತನೆಯಾಗುತ್ತದೆ. ತಳಿ ಒಳ್ಳೆಯದಿದ್ದರೂ ಬೀಜಕ್ಕೆ, ಎತ್ತಿಗೆ ಸಾವಕಾರನ ಬಾಗಿಲು ತಟ್ಟಬೇಕಿತ್ತು. ಸೊಸಾಯಿಟಿ ಆ ಬಾಗಿಲಿಗೆ ಎದುರಾಗಿ ಇನ್ನೊಂದು ಬಾಗಿಲು ತೆರೆಯಿತು. ಮುಂದೆ ಪಂಚಾಯತಿಯ ರಾಜಕಾರಣವೂ ಬಹುಮಟ್ಟಿಗೆ ಸೊಸಾಯಿಟಿಯ ಪಡಸಾಲೆಯಲ್ಲೇ ಬೆಳೆಯಿತು ಎಂಬುದು ಬೇರೆ ಮಾತು.

ದಫ್ತರ ಕೈ ಬದಲಿಸಿದ 15 ವರ್ಷ

1948ರ ಮಾರ್ಚ್ 8ರಂದು ಅಕ್ಕಲಕೋಟೆ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. ಅದೇ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆಯೂ ಮುಗಿಯಿತು. ನಿಜಾಮನ ಪರ ನಿಂತ ರಜಾಕಾರರ ಕಾಟದಿಂದ ಆಚೆಯಿಂದ ಈಚೆ ಬಂದು ಬೀಗರ ಮನೆಗಳಲ್ಲಿ, ಶಿಬಿರಗಳಲ್ಲಿ ಉಳಿದಿದ್ದವರು ತಮ್ಮೂರಿಗೆ ಮರಳಿದರು.

ದೊಡ್ಡ ಸುದ್ದಿಗಳ ಅಡಿಯಲ್ಲಿ ಸದ್ದಿಲ್ಲದೆ ನಡೆದದ್ದು ಹಳ್ಳಿಯ ಮಟ್ಟಿಗೆ ಇನ್ನೂ ದೊಡ್ಡದು. 1950ರ ಕಾಯದೆ ಕುಲಕರ್ಣಿ ವತನವನ್ನು ರದ್ದು ಮಾಡಿತು. ಕುಲಕರ್ಣಿಯ ಮನೆಯ ಪೆಟ್ಟಿಗೆಯಲ್ಲಿದ್ದ ಲೆಕ್ಕ ಸಂಬಳದ ನೌಕರನಾದ ತಲಾಠಿಯ ಕೈಗೆ ಬಂತು. ಹೊಲದ ದಾಖಲೆಯಾದ ಸಾತ್‌ಬಾರಾ ಉತಾರವನ್ನು ಯಾರಾದರೂ ಕೇಳಿ ಪಡೆಯಬಹುದಾಯಿತು. 1958ರ ಕಾಯದೆ ಕೆಳವತನಗಳನ್ನು ತೆಗೆದುಹಾಕಿತು. ಹುಟ್ಟಿನಿಂದಲೇ ಅಂಟಿಕೊಂಡಿದ್ದ ಊರ ಚಾಕರಿಯ ಕಟ್ಟು ಕಾನೂನಿನ ಮಟ್ಟದಲ್ಲಿ ಹರಿಯಿತು. 1963ರ ಜನವರಿ 1ರಿಂದ ಸಾರಾ ಪಾಟೀಲಕಿಯೂ ಇಲ್ಲವಾಯಿತು. ಪೊಲೀಸ್ ಪಾಟೀಲನ ಹುದ್ದೆ ಉಳಿಯಿತು, ಆದರೆ ಅದು ವಂಶದ ಹಕ್ಕಾಗಿ ಅಲ್ಲ, ನೇಮಕಾತಿಯಾಗಿ.

ಖಾಲಿಯಾದ ಆ ಜಾಗಕ್ಕೆ ಚುನಾಯಿತ ಪಂಚಾಯತಿ ಬಂತು. 1958ರ ಮುಂಬಯಿ ಗ್ರಾಮ ಪಂಚಾಯತಿ ಕಾಯದೆ ಸರಪಂಚ, ಉಪಸರಪಂಚ, ಗ್ರಾಮಸಭೆ ಇವಕ್ಕೆ ಇಂದಿನ ರೂಪ ಕೊಟ್ಟಿತು. ಬಲವಂತರಾಯ ಮೆಹತಾ ಸಮಿತಿಯ 1957ರ ವರದಿ, ಆಮೇಲೆ ವಸಂತರಾವ್ ನಾಯಕ್ ಸಮಿತಿಯ ಶಿಫಾರಸು, ಇವುಗಳ ಆಧಾರದ ಮೇಲೆ 1962ರ ಮೇ 1ರಿಂದ ಮಹಾರಾಷ್ಟ್ರದಲ್ಲಿ ಜಿಲ್ಲಾ ಪರಿಷತ್ತು, ಪಂಚಾಯತ ಸಮಿತಿಗಳು ಕೆಲಸ ಶುರು ಮಾಡಿದವು. ಊರಿನ ಶಾಲೆ, ದವಾಖಾನೆ, ಸಣ್ಣ ರಸ್ತೆ, ಸಣ್ಣ ಕೆರೆ ಸೊಲ್ಲಾಪುರದ ಜಿಲ್ಲಾ ಪರಿಷತ್ತಿನ ಪಾಲಿಗೆ ಬಂದವು. ಅದೇ ಪರಿಷತ್ತು ಅಕ್ಕಲಕೋಟೆ ಮತ್ತು ದಕ್ಷಿಣ ಸೊಲ್ಲಾಪುರದಲ್ಲಿ ಕನ್ನಡ ಮಾಧ್ಯಮದ ಶಾಲೆಗಳನ್ನು ನಡೆಸಿಕೊಂಡು ಬಂದದ್ದನ್ನು ಇಲ್ಲಿ ಕೃತಜ್ಞತೆಯಿಂದ ನೆನೆಯಬೇಕು. ಗಡಿನಾಡಿನ ಹಳ್ಳಿಯ ಮಗು ಅ ಆ ಇ ಈ ಕಲಿತದ್ದು ಆ ಶಾಲೆಗಳಲ್ಲೇ.

1948ರಿಂದ 1963ರವರೆಗಿನ ಈ 15 ವರ್ಷಗಳಲ್ಲಿ ಊರಿನ ದಫ್ತರ ಮನೆತನಗಳ ಕೈಯಿಂದ ಸಂಸ್ಥೆಗಳ ಕೈಗೆ ದಾಟಿತು. ಹೊಸ ಸರಪಂಚರಲ್ಲಿ ಹಲವರು ಹಳೆಯ ಗೌಡರ ಮನೆಯವರೇ ಆಗಿದ್ದರು, ನಿಜ. ಆದರೆ ಐದು ವರ್ಷಕ್ಕೊಮ್ಮೆ ಕೇರಿಗೆ ಹೋಗಿ ಕೈಮುಗಿಯಬೇಕಾದ ಗೌಡ ಮೊದಲಿನ ಗೌಡನಲ್ಲ.

ಬರ ಕಲಿಸಿದ ಪಾಠ

1972ರ ಬರವನ್ನು ಕಂಡವರು ಇಂದಿಗೂ ಕಾಲವನ್ನು ಬರಕ್ಕೆ ಮೊದಲು, ಬರದ ನಂತರ ಎಂದು ಎಣಿಸುತ್ತಾರೆ. ಕೂಲಿಗಾಗಿ ಖಡಿ ಒಡೆದರು, ಒಡ್ಡು ಹಾಕಿದರು, ನೀರಿಂಗಿಸುವ ಪಾಜರ ಕೆರೆ ತೋಡಿದರು. ವಿ. ಸ. ಪಾಗೆ ಅವರ ಚಿಂತನೆಯಿಂದ ಮೂಡಿದ ರೋಜಗಾರ ಹಮಿ ಯೋಜನೆ ಆ ಬರದಲ್ಲಿ ವಿಸ್ತಾರವಾಗಿ, 1977ರಲ್ಲಿ ಕಾಯದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಮುಂದೆ ದೇಶದ ಉದ್ಯೋಗ ಖಾತ್ರಿ ಕಾಯದೆಗೆ ಇದೇ ಅಡಿಪಾಯವಾಯಿತು. ಇದರಿಂದ ಹಳ್ಳಿಗೆ ಸಿಕ್ಕಿದ್ದು ಕೂಲಿಯಷ್ಟೇ ಅಲ್ಲ. ಕೆಲಸ ಕೇಳುವುದು ಭಿಕ್ಷೆಯಲ್ಲ, ಹಕ್ಕು ಎಂಬ ತಿಳಿವಳಿಕೆ ಬಂತು. ಆದರೂ ಕೆಲಸದ ಯಾದಿ ತಹಸೀಲಿಯಲ್ಲಿ ಸಿದ್ಧವಾಗುತ್ತಿತ್ತು. ತನ್ನೂರಿಗೆ ಯಾವ ಕೆರೆ ಬೇಕೆಂಬುದನ್ನು ಪಂಚಾಯತಿ ತೀರ್ಮಾನಿಸುವ ದಿನ ಇನ್ನೂ ದೂರ ಇತ್ತು.

ನೀರಿನ ಮಾತು ಇಂದಿಗೂ ಮುಗಿದಿಲ್ಲ. ಬೋರಿ ಹೊಳೆಗೆ ಕುರನೂರ ಅಣೆಕಟ್ಟು ಬಂತು. ದಕ್ಷಿಣದಲ್ಲಿ ಭೀಮೆಯೇ ಗಡಿ. ಅಷ್ಟು ನೀರಿನ ಮಗ್ಗುಲಲ್ಲಿದ್ದೂ ಬೇಸಗೆಯಲ್ಲಿ ಟ್ಯಾಂಕರಿಗೆ ಕಾಯುವ ಹಳ್ಳಿಗಳು ತಾಲೂಕಿನಲ್ಲಿವೆ.

ಗಡಿ ಮತ್ತು ಠರಾವು

1950ರಲ್ಲಿ ಸೊಲ್ಲಾಪುರದಲ್ಲೇ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಿತ್ತು. ಸೊಲ್ಲಾಪುರದ ಮಗಳು ಜಯದೇವಿತಾಯಿ ಲಿಗಾಡೆ 1974ರಲ್ಲಿ ಮಂಡ್ಯದ ಸಮ್ಮೇಳನದ ಅಧ್ಯಕ್ಷೆಯಾದರು, ಆ ಪೀಠವೇರಿದ ಮೊದಲ ಮಹಿಳೆ ಅವರೇ. ಈ ನಡುವೆ 1956ರ ರಾಜ್ಯಗಳ ಪುನರ್ವಿಂಗಡಣೆಯಲ್ಲಿ ಅಕ್ಕಲಕೋಟೆ ಮುಂಬಯಿ ರಾಜ್ಯದಲ್ಲೇ ಉಳಿಯಿತು. ಗಡಿ ವಿವಾದ ಬಗೆಹರಿಸಲು 1966ರ ಅಕ್ಟೋಬರಿನಲ್ಲಿ ನೇಮಕವಾದ ಮಹಾಜನ ಆಯೋಗ 1967ರ ಆಗಸ್ಟಿನಲ್ಲಿ ಕೊಟ್ಟ ವರದಿಯಲ್ಲಿ ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಹಳ್ಳಿಗಳು ಸೇರಿ 247 ಊರುಗಳನ್ನು ಅಂದಿನ ಮೈಸೂರು ರಾಜ್ಯಕ್ಕೆ ಸೇರಿಸಲು ಶಿಫಾರಸು ಮಾಡಿತು. ಮಹಾರಾಷ್ಟ್ರ ಅದನ್ನು ಒಪ್ಪಲಿಲ್ಲ. ವ್ಯಾಜ್ಯ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿತು.

2022ರ ಕೊನೆಯಲ್ಲಿ ಗಡಿ ಮಾತು ಮತ್ತೆ ಕಾವೇರಿದಾಗ ಅಕ್ಕಲಕೋಟೆ ತಾಲೂಕಿನ 11 ಗ್ರಾಮ ಪಂಚಾಯತಿಗಳು ಕರ್ನಾಟಕಕ್ಕೆ ಸೇರುವ ಇಚ್ಛೆಯ ಠರಾವು ಮಾಡಿದವು. ಆಡಳಿತದಿಂದ ನೋಟಿಸು ಬಂತು, ಬಹುತೇಕ ಪಂಚಾಯತಿಗಳು ಠರಾವನ್ನು ಹಿಂದಕ್ಕೆ ಪಡೆದವು. ಪತ್ರಿಕೆಗಳು ಇದನ್ನು ಭಾಷೆಯ ಜಗಳವೆಂದು ಬರೆದವು. ಆದರೆ ಹಳ್ಳಿಯವರು ಮುಂದಿಟ್ಟ ಕಾರಣಗಳು ರಸ್ತೆ, ನೀರು, ವಿದ್ಯುತ್ತು. ಹೊಳೆಯ ಆಚೆ ದಂಡೆಯ ಬೀಗರ ಊರಿಗೆ ಬಂದ ಸೌಕರ್ಯ ತಮ್ಮೂರಿಗೆ ಏಕಿಲ್ಲ ಎಂಬ ಹೋಲಿಕೆ. ಯಾವ ರಾಜ್ಯದಲ್ಲಿರಬೇಕೆಂಬುದನ್ನು ತೀರ್ಮಾನಿಸುವ ಅಧಿಕಾರ ಪಂಚಾಯತಿಗೆ ಇಲ್ಲ, ಅದು ಅವರಿಗೂ ಗೊತ್ತಿತ್ತು. ತಮ್ಮ ಅಹವಾಲನ್ನು ಸಭೆ ಕೂಡಿಸಿ, ಸಹಿ ಹಾಕಿ, ದಾಖಲೆ ಮಾಡುವ ಹಕ್ಕು ಮಾತ್ರ ಅವರದೇ. ಹಿಂಪಡೆದ ಠರಾವನ್ನೂ ಊರಾಳ್ವಿಕೆಯ ಚರಿತ್ರೆಯಲ್ಲಿ ಸೇರಿಸಬೇಕಾದದ್ದು ಆ ಕಾರಣಕ್ಕೆ.

ಕಟ್ಟೆಗೆ ಬಂದ ಹೊಸಬರು

1993ರ ಏಪ್ರಿಲ್ 24ರಂದು ಜಾರಿಗೆ ಬಂದ ಸಂವಿಧಾನದ 73ನೆಯ ತಿದ್ದುಪಡಿ ಪಂಚಾಯತಿಗೆ ಗಟ್ಟಿ ನೆಲೆ ಕೊಟ್ಟಿತು. ಚುನಾವಣೆ ಮುಂದೂಡುವ ಚಾಳಿಗೆ ಕಡಿವಾಣ ಬಿತ್ತು. ಪರಿಶಿಷ್ಟ ಜಾತಿ, ಪಂಗಡಗಳಿಗೆ ಜನಸಂಖ್ಯೆಯ ಪ್ರಮಾಣದಲ್ಲಿ, ಮಹಿಳೆಯರಿಗೆ ಮೂರನೆಯ ಒಂದು ಪಾಲು ಸ್ಥಾನ ಮೀಸಲಾಯಿತು. 2011ರಲ್ಲಿ ಮಹಾರಾಷ್ಟ್ರ ಮಹಿಳೆಯರ ಪಾಲನ್ನು ಅರ್ಧಕ್ಕೆ ಏರಿಸಿತು. ಮೊದಮೊದಲು ಸರಪಂಚಳ ಗಂಡನೇ ಕಾರಭಾರಿ ಎಂಬ ಮಾತು ಎಲ್ಲೆಡೆ ಇತ್ತು, ಈಗಲೂ ಪೂರ್ತಿ ಹೋಗಿಲ್ಲ. ಆದರೆ ನೀರು ಹೊತ್ತು ಗೊತ್ತಿರುವವರು ನಳದ ಪ್ರಶ್ನೆ ಎತ್ತಿದಾಗ ಸಭೆಯ ಯಾದಿಯೇ ಬದಲಾಯಿತು. ಸಂತ ಗಾಡಗೇಬಾಬಾ ಗ್ರಾಮ ಸ್ವಚ್ಛತಾ ಅಭಿಯಾನ, 2007ರ ತಂಟಾಮುಕ್ತ ಗ್ರಾಮ ಯೋಜನೆ ಹಳ್ಳಿಗಳಲ್ಲಿ ಕಾಲೂರಲು ಹೆಣ್ಣುಮಕ್ಕಳ ಗುಂಪುಗಳು ದುಡಿದದ್ದು ಕಾರಣ.

ಸರಪಂಚರನ್ನು ಆರಿಸುವ ಬಗೆ ಮಾತ್ರ ಮುಂಬಯಿಯ ಸರಕಾರದೊಂದಿಗೆ ಬದಲಾಗುತ್ತ ಬಂತು. 2017ರಲ್ಲಿ ಜನರೇ ನೇರವಾಗಿ ಆರಿಸುವಂತಾಯಿತು, 2020ರಲ್ಲಿ ಅದು ರದ್ದಾಯಿತು, 2022ರಲ್ಲಿ ಮರಳಿ ಬಂತು. ಹಣದ ಮಟ್ಟಿಗೆ 2015ರಿಂದ 14ನೆಯ ಹಣಕಾಸು ಆಯೋಗದ ಅನುದಾನ ನೇರವಾಗಿ ಗ್ರಾಮ ಪಂಚಾಯತಿಗೆ ಬಂದದ್ದು ದೊಡ್ಡ ತಿರುವು. ಅದಕ್ಕೆ ಮೊದಲು ಘರಪಟ್ಟಿ, ಪಾಣಿಪಟ್ಟಿಯ ವಸೂಲಿಯನ್ನೇ ನಂಬಿದ ಪಂಚಾಯತಿಗೆ ಬರದ ವರ್ಷದಲ್ಲಿ ಯಾರ ಮನೆಗೆ ವಸೂಲಿಗೆ ಹೋಗಬೇಕೆಂಬುದೇ ಚಿಂತೆ.

ಮುಂದಿನ ಕೆಲಸ

ಇಷ್ಟೆಲ್ಲ ದಾಟಿ ಬಂದ ಮೇಲೂ ದಫ್ತರದ ಪ್ರಶ್ನೆ ಅರ್ಧ ಮಾತ್ರ ಬಗೆಹರಿದಿದೆ. ಅದು ಈಗ ಎಲ್ಲರದು, ಆದರೆ ಎಲ್ಲರಿಗೂ ಓದಲು ಬರುವುದಿಲ್ಲ. ಗ್ರಾಮಸಭೆಯಲ್ಲಿ ಕನ್ನಡದಲ್ಲಿ ಬಿಸಿಬಿಸಿ ನಡೆದ ಚರ್ಚೆ ಗ್ರಾಮಸೇವಕರ ಪುಸ್ತಕದಲ್ಲಿ ಮರಾಠಿಯ ಎರಡು ಸಾಲಾಗುತ್ತದೆ. ಇದು ಗ್ರಾಮಸೇವಕರ ದೋಷವಲ್ಲ, ರಾಜ್ಯದ ಆಡಳಿತ ಭಾಷೆ ಅದು. ಆದರೆ ತಾಲೂಕಿನಲ್ಲಿ ಶೇಕಡ 15ಕ್ಕಿಂತ ಹೆಚ್ಚು ಜನ ಆಡುವ ಅಲ್ಪಸಂಖ್ಯಾತ ಭಾಷೆಯಲ್ಲಿ ಮುಖ್ಯ ಪ್ರಕಟಣೆಗಳನ್ನು ಕೊಡಬೇಕೆಂಬ ಒಪ್ಪಂದ 1961ರ ಮುಖ್ಯಮಂತ್ರಿಗಳ ಸಮ್ಮೇಳನದಿಂದಲೇ ಇದೆ. ಗ್ರಾಮಸಭೆಯ ನೋಟಿಸು, ಮುಖ್ಯ ಠರಾವು, ಫಲಾನುಭವಿಗಳ ಯಾದಿ ಮರಾಠಿಯ ಜೊತೆಗೆ ಕನ್ನಡದಲ್ಲೂ ಫಲಕದ ಮೇಲೆ ಬರಲಿ ಎಂದು ಕೇಳುವುದು ಯಾರ ವಿರುದ್ಧದ ಮಾತೂ ಅಲ್ಲ. ಗಡಿಯ ಆಚೆ ಬೆಳಗಾವಿ ಸೀಮೆಯ ಮರಾಠಿ ಹಳ್ಳಿಗೂ ಇದೇ ನ್ಯಾಯ ಸಲ್ಲಬೇಕು.

ಎರಡನೆಯ ಕೆಲಸ ನಮ್ಮದೇ. 1958ರ ಕಾಯದೆಯಡಿ ಶುರುವಾದ ಪಂಚಾಯತಿಗಳ ಮೊದಲ ಠರಾವು ಪುಸ್ತಕಗಳು ಎಷ್ಟು ಊರುಗಳಲ್ಲಿ ಉಳಿದಿವೆಯೋ ಹುಡುಕಬೇಕು. ಕುಲಕರ್ಣಿ ಮನೆತನಗಳಲ್ಲಿ ಮೋಡಿ ಕಾಗದಗಳಿದ್ದರೆ ಓದಬಲ್ಲವರಿಂದ ಓದಿಸಿ ನಕಲು ತೆಗೆಯಬೇಕು. ಮೊದಲ ಸರಪಂಚರು, ಮೀಸಲಾತಿಯಿಂದ ಮೊದಲು ಕಟ್ಟೆಗೆ ಬಂದ ಮಹಿಳೆಯರು, 1972ರ ಬರದಲ್ಲಿ ಕೆಲಸ ಹಂಚಿದವರು ಇವರ ನೆನಪುಗಳನ್ನು ಅವರಿರುವಾಗಲೇ ಬರೆದಿಡಬೇಕು. ಶಾಲೆಯ ಮಕ್ಕಳಿಗೆ ಅಕ್ಕಲಕೋಟೆಯ ಅರಸರ ಹೆಸರುಗಳು ಬಾಯಿಪಾಠ ಬಂದರೆ ಸಂತೋಷ. ತಮ್ಮೂರಿನ ಬಾವಿಯನ್ನು ಯಾವ ವರ್ಷ, ಯಾರ ಠರಾವಿನಿಂದ, ಎಷ್ಟು ಖರ್ಚಿನಲ್ಲಿ ತೋಡಿದರು ಎಂಬುದು ಗೊತ್ತಾದರೆ ಇನ್ನೂ ಸಂತೋಷ. ಮುಂದಿನ ಗ್ರಾಮಸಭೆಯಲ್ಲಿ ಪ್ರಶ್ನೆ ಕೇಳುವವರು ಆ ಮಕ್ಕಳೇ.